ನೆರಳು ಕಂಡು ನಿಂತ ಮನೆಗಾಡಿ

ಗದಗ, ಫೆಬ್ರವರಿ ಮೂವತ್ತು, ೨೨೧೪

ನಮಗಿಂತ ಬಹಳ ಹಿಂದೆ ಬಾಳುತ್ತಿರುವ ಹಿರಿಯರಿಗೆ ಸುಗಂಧಾ ಹೊಂಬಳ ಮಾಡುವ ಶರಣು.

ಫೆಬ್ರವರಿಗೆ ಮೂವತ್ತನೆಯ ತಾರೀಖು ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸಬಹುದು. ನಮ್ಮ ಕಾಲದಲ್ಲಿ ಎಲ್ಲ ತಿಂಗಳುಗಳನ್ನೂ ಸಮ ಮಾಡಿ, ಉಳಿದ ದಿನಗಳನ್ನು ವರ್ಷದ ಕೊನೆಗೆ ಹಬ್ಬಕ್ಕೆಂದು ಬಿಟ್ಟಿದ್ದಾರೆ. ನನ್ನ ಕನ್ನಡವೂ ನಿಮ್ಮ ಕಿವಿಗೆ ಅಲ್ಲಲ್ಲಿ ಓರೆಯಾಗಿ ಬಿದ್ದೀತು. ಹೊಟ್ಟೆಗೆ ಹಾಕಿಕೊಳ್ಳಿ.

ಇಡೀ ಮನೆಮಂದಿ ಕೂತು ಹೋಗುವ, ತಾನಾಗಿಯೇ ಓಡುವ ಗಾಡಿಗೆ ನಾವು ಮನೆಗಾಡಿ ಎನ್ನುತ್ತೇವೆ. ಸ್ಟಿಯರಿಂಗ್ ಇಲ್ಲ, ಡ್ರೈವರ್ ಇಲ್ಲ. ಹತ್ತಿ ಕೂತು ಊರಿನ ಹೆಸರು ಹೇಳಿದರೆ ಆಯಿತು. ಹೋದ ವರ್ಷ ಹೊಸ ಮಾದರಿ ಬಂದಾಗ ನಾನು, ನನ್ನ ಗಂಡ ಮುರಿಗೇಶ ಆಸೆಪಟ್ಟು ಒಂದನ್ನು ಕೊಂಡೆವು. ವಾರಕ್ಕೊಮ್ಮೆ ಅದರಲ್ಲಿ ಮುಂಡರಗಿಗೆ ಹೋಗುವುದು ರೂಢಿಯಾಯಿತು. ಅಲ್ಲಿ ನನ್ನ ಅತ್ತೆ ಗುರಸಿದ್ದವ್ವನವರ ತಂಗಿ ನಿಂಗವ್ವ ಇದ್ದರು. ದಾರಿಯಲ್ಲಿ ನನ್ನ ಹೆಣ್ಣುಮಕ್ಕಳು ಬುತ್ತಿ ಬಿಚ್ಚುವರು, ಅತ್ತೆ ದೀಪದ ಬತ್ತಿ ಹೊಸೆಯುತ್ತ ಕೂರುವರು. ಅಲ್ಲಿ ಅಕ್ಕತಂಗಿಯರು ಎಲೆಅಡಿಕೆ ಮೆಲ್ಲುತ್ತ ಮಾತಿಗೆ ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ.

ಒಂದು ಸಂಜೆ ವಾಪಸು ಬರುವಾಗ, ಡಂಬಳಕ್ಕೆ ಸ್ವಲ್ಪ ಮುಂಚೆ, ಬರಿದಾದ ರಸ್ತೆಯಲ್ಲಿ ಗಾಡಿ ಒಮ್ಮೆಲೇ ಗಕ್ಕನೆ ನಿಂತಿತು. ಎದುರಿಗೆ ದನವಿಲ್ಲ, ಮನುಷ್ಯರಿಲ್ಲ. ಸೀಟಿನ ಪಟ್ಟಿ ಕಟ್ಟಿಕೊಂಡಿದ್ದರೂ ಅತ್ತೆ ಮುಂದಕ್ಕೆ ಜಗ್ಗಿಹೋಗಿ ಮುಂಗೈ ಮುರಿದುಕೊಂಡರು.

ಕಂಪನಿಗೆ ದೂರು ಕೊಟ್ಟೆವು. ನಮ್ಮಲ್ಲಿ ದೂರು ಕೇಳುವುದು ಮನುಷ್ಯರಲ್ಲ, ಉತ್ತರದನಿ. ಎಷ್ಟು ಕೇಳಿದರೂ ಬೇಸರಪಡದ ಯಂತ್ರದ ದನಿ ಅದು. ಇಂಥ ದೂರು ಬೇರೆ ಯಾರಿಂದಲೂ ಬಂದಿಲ್ಲ, ಗಾಡಿಯಲ್ಲಿ ದೋಷವಿಲ್ಲ, ಹಿರಿಯರು ಎರಡೂ ಕೈಯಲ್ಲಿ ಕೆಲಸ ಹಿಡಿದು ಕೂತಿದ್ದರಿಂದ ಪೆಟ್ಟಾಗಿದೆ ಎಂದು ಅದು ಬಹಳ ಮರ್ಯಾದೆಯಿಂದ ಹೇಳಿತು. ಮುರಿಗೇಶ ಮತ್ತೆ ಮತ್ತೆ ಕೇಳಿದ. ಅದೇ ಮರ್ಯಾದೆ, ಅದೇ ಉತ್ತರ.

ಬದಿಯಲ್ಲೇ ಕೂತಿದ್ದ ಅತ್ತೆ ಅದನ್ನೆಲ್ಲ ಕೇಳಿಸಿಕೊಂಡರು. "ನಂದ ತಪ್ಪಿರಬೇಕು ಬಿಡ ಯವ್ವಾ. ಗಾಡ್ಯಾಗ ಕುಂದ್ರೂದು ನನಗ ಬರೂದಿಲ್ಲ," ಅಂದರು.

ಕೈ ಕೂಡಿಕೊಂಡಿತು. ಆದರೆ ಅವರು ಮತ್ತೆ ಮನೆಗಾಡಿ ಹತ್ತಲಿಲ್ಲ. ಬಸ್ಸಿನಲ್ಲಿ ಹೋಗೋಣವೆಂದರೂ ಬೇಡವೆಂದರು. ತಮ್ಮಿಂದ ಮಂದಿಗೆ ತೊಂದರೆ ಎನ್ನುವುದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ನಿಂಗವ್ವ ಎರಡು ಸಲ ಹೇಳಿ ಕಳಿಸಿದರು. ಇವರು ಮುಂದಿನ ವಾರ, ಮುಂದಿನ ವಾರ ಎಂದು ದೂಡಿದರು. ಆಮೇಲೊಂದು ಮುಂಜಾನೆ ನಿಂಗವ್ವ ತೀರಿಕೊಂಡ ಸುದ್ದಿ ಬಂತು.

ಮಣ್ಣಿಗೆ ಅತ್ತೆಯನ್ನು ಕರೆದುಕೊಂಡು ಹೋದದ್ದು ನೆರೆಯವರ ಹಳೆಯ ಗಾಡಿಯಲ್ಲಿ. ಮರಳುವಾಗ ಹೊತ್ತು ಇಳಿಯುತ್ತಿತ್ತು. ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳ ರೆಕ್ಕೆಗಳು ರಸ್ತೆಯ ಮೇಲೆ ಉದ್ದುದ್ದ ನೆರಳು ಬೀಸುತ್ತಿದ್ದವು. ಅದೇ ಜಾಗದಲ್ಲಿ ನಮ್ಮದರಂಥದೇ ಮನೆಗಾಡಿಯೊಂದು ಅಡ್ಡಡ್ಡ ನಿಂತಿತ್ತು. ಒಳಗೆ ಮಕ್ಕಳು ಅಳುತ್ತಿದ್ದವು. ಗಾಡಿಯ ಯಜಮಾನ, ನರಗುಂದದ ದಾವಲಸಾಬ ಎಂಬುವರು, ಮಗಳ ಹಣೆಗೆ ರುಮಾಲು ಒತ್ತಿ ಹಿಡಿದಿದ್ದರು. ನಾವು ಇಳಿದು ನೀರು ಕೊಟ್ಟೆವು. ಹೀಗಾಗಿದ್ದು ಇದು ಎರಡನೆಯ ಸಲವಂತೆ. ಮೊದಲ ಸಲ ದೂರಿದಾಗ, ಇಂಥ ದೂರು ಬೇರೆ ಯಾರದೂ ಇಲ್ಲ, ಮಗು ಸೀಟಿನಲ್ಲಿ ಮಿಸುಕಾಡಿದ್ದೇ ಕಾರಣ ಎಂದು ಉತ್ತರದನಿ ಅವರಿಗೂ ಹೇಳಿತ್ತು.

ಅತ್ತೆ ಆ ಗಾಡಿಯನ್ನು ಬಹಳ ಹೊತ್ತು ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾರ ಈ ಗಾಡ್ಯಾಗೂ ನಾನ ಕುಂತಿದ್ನೇನು?" ಎಂದು ಕೇಳಿದರು.

ಅಂದಿನಿಂದ ನಾನು, ದಾವಲಸಾಬರು ಸಂಜೆಯಾದರೆ ಆ ರಸ್ತೆಯ ಬದಿಗೆ ನಿಂತು, ಅಂಥ ಗಾಡಿಗಳನ್ನು ತಡೆದು ವಿಚಾರಿಸತೊಡಗಿದೆವು. ಹಲ್ಲು ಮುರಿದವರು ಸಿಕ್ಕರು. ಹಿಂದಿನಿಂದ ಲಾರಿಯಿಂದ ಗುದ್ದಿಸಿಕೊಂಡವರೂ ಸಿಕ್ಕರು. ಪ್ರತಿಯೊಬ್ಬರಿಗೂ ನೀವೊಬ್ಬರೇ ಎಂದು ಹೇಳಿತ್ತು ಆ ದನಿ. ಎಲ್ಲರೂ ಒಟ್ಟಾಗಿ ಜಿಲ್ಲಾ ಕಚೇರಿಗೆ ಹೋಗಿ, ಉತ್ತರದನಿ ಸಾಕು, ಮನುಷ್ಯರನ್ನು ಕರೆಸಿ ಎಂದು ಪಟ್ಟು ಹಿಡಿದೆವು. ಕೊನೆಗೆ ಕಂಪನಿ ಮೈಥಿಲಿ ಎಂಬ ಇಂಜಿನಿಯರಮ್ಮನನ್ನು ಕಳಿಸಿತು. ಅವರನ್ನು ನಮ್ಮ ಗಾಡಿಯಲ್ಲೇ ಕೂರಿಸಿ, ಹೊತ್ತು ಇಳಿಯುವಾಗ ಕರೆದೊಯ್ದೆವು. ಅವರು ಪಟ್ಟಿ ಬಿಗಿದುಕೊಂಡು, ಕೈ ಖಾಲಿ ಇಟ್ಟುಕೊಂಡು, ನೆಟ್ಟಗೆ ಕೂತಿದ್ದರು. ರೆಕ್ಕೆಯ ನೆರಳು ಅಡ್ಡ ಬಂತು, ಗಾಡಿ ಗಕ್ಕನೆ ನಿಂತಿತು, ಅವರ ಕನ್ನಡಕ ಹಾರಿ ಮುಂದಿನ ಗಾಜಿಗೆ ಬಡಿಯಿತು. ಅದನ್ನು ಹುಡುಕಿ ಹಾಕಿಕೊಂಡ ಅವರು, ಗಾಡಿ ನೆರಳನ್ನೇ ಅಡ್ಡ ಬಂದ ಜೀವವೆಂದು ತಿಳಿಯುತ್ತಿದೆ ಎಂದರು.

ಆ ಮಾದರಿಯ ಗಾಡಿಗಳನ್ನೆಲ್ಲ ಕಂಪನಿ ವಾಪಸು ಕರೆಸಿ ಸರಿಮಾಡಿಕೊಟ್ಟಿತು. ಬೇರೆಯವರು ಪರಿಹಾರ ಕೇಳಿದರು. ಅತ್ತೆ ಕೇಳಿದ್ದು ಒಂದೇ: ತಾನು ಸರಿಯಾಗಿಯೇ ಕೂತಿದ್ದೆ ಎಂದು ಯಾರಾದರೂ ಮನೆಗೆ ಬಂದು ಹೇಳಬೇಕು. ಮೈಥಿಲಿಯವರೇ ಬಂದರು. ಅತ್ತೆಯ ಎದುರು ನೆಲದ ಮೇಲೆ ಕೂತು, "ತಪ್ಪು ನಮ್ಮದು ಅಜ್ಜಿ. ನೀವು ಸರಿಯಾಗೇ ಕೂತಿದ್ರಿ," ಎಂದರು.

ಅತ್ತೆ ತಲೆಯಾಡಿಸಿದರು. "ಇದನ್ನ ಆಗ ಹೇಳಿದ್ರ ನಮ್ಮ ನಿಂಗಿನ್ನ ನೋಡಿ ಬರ್ತಿದ್ನಲ್ಲ ತಂಗಿ," ಎಂದರು. ಬೈಗುಳದ ದನಿ ಅದಲ್ಲ. ನಾನು ಚಹಾ ತಂದಿಟ್ಟೆ.

ತಾನಾಗಿಯೇ ನಿಲ್ಲುವ ಗಾಡಿಗಳು ಈಗಷ್ಟೇ ನಿಮ್ಮ ರಸ್ತೆಗೆ ಇಳಿಯುತ್ತಿವೆ ಎಂದು ಓದಿದ್ದೇನೆ. ಅವುಗಳಲ್ಲಿ ನಿಮ್ಮ ತಾಯಂದಿರನ್ನೂ ಮಕ್ಕಳನ್ನೂ ಕೂರಿಸುವಿರಿ. ನಿಮ್ಮೊಬ್ಬರಿಗೇ ಹೀಗಾಗಿದೆ ಎಂದು ಯಾರಾದರೂ ಹೇಳಿದರೆ, ಮರುದಿನವೇ ರಸ್ತೆಗೆ ಹೋಗಿ ಇನ್ನೊಬ್ಬರನ್ನು ಕೇಳಿ. ನಮ್ಮ ಹಾಗೆ ತಡಮಾಡಬೇಡಿ.

ಇಂತಿ ನಿಮ್ಮ, ಇನ್ನೂ ಹುಟ್ಟದ,
ಸುಗಂಧಾ