ಒಡವೆ ಇಲ್ಲದವರ ಕೆಲಸ

ಕಿಬ್ಬನಹಳ್ಳಿ
೧೮-೩-೧೯೭೯

ಪ್ರೀತಿಯ ತಂಗಿ ಪುಟ್ಟಗಂಗಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯಿತು. ಮುನಿಸಿಕೊಂಡಿದ್ದರೆ ಮುನಿಸಿಕೊಂಡಿರು, ಸಮಾಧಾನ ಮಾಡುವ ತ್ರಾಣ ನನಗಿಲ್ಲ. ಸಂಜೆ ಬಂದು ಕೂತರೆ ಕಾಲೂ ನನ್ನದಲ್ಲ, ಹೆಗಲೂ ನನ್ನದಲ್ಲ. ಅತ್ತೆ ಮುದ್ದೆ ಮಾಡಿಟ್ಟಿರುತ್ತಾರೆ, ಉಂಡು ಬಿದ್ದುಕೊಳ್ಳುತ್ತೇನೆ.

ಮಂಡಿಯ ಕೊಬ್ಬರಿ ಕೆಲಸ ನಿಂತಿತು. ಈಗ ಸರ್ವೆಗೆ ಹೋಗುತ್ತಿದ್ದೇನೆ. ಹೊಲ ಅಳೆಯುವ ಸರ್ವೆಯಲ್ಲ, ನೆಲದೊಳಗಿನದು. ತಂತಿ ಸುತ್ತಿದ ಎರಡು ದೊಡ್ಡ ಚಕ್ರ. ಒಂದನ್ನು ಹೊತ್ತು ನಾನು ಮುಂದೆ, ಇನ್ನೊಂದನ್ನು ಹೊತ್ತು ಕಾಳಕ್ಕ ಹಿಂದೆ, ನಡುವೆ ಉದ್ದನೆಯ ಕೇಬಲ್ಲು ಹಿಡಿದು ಚಿತ್ತಮ್ಮ. ನನ್ನ ಚಕ್ರ ನೆಲಕ್ಕೆ ಕರೆಂಟಿನ ಅಲೆ ಬಿಡುತ್ತದಂತೆ, ಅವಳದು ಮಾರುತ್ತರ ಕೇಳಿಸಿಕೊಳ್ಳುತ್ತದಂತೆ. ಆಫೀಸರ್ ಸದಾಶಿವಯ್ಯ ಅವಳ ಪಕ್ಕದಲ್ಲೇ ಕಿವಿಗೆ ಯಂತ್ರ ಹಾಕಿಕೊಂಡು ಗುಂಡಿ ತಿರುಗಿಸುತ್ತಾರೆ. "ಬಂಡೆ ಎಲ್ಲಿ ಸೀಳಿದೆ, ಅದರ ಮೇಲೆ ಮಣ್ಣು ಎಷ್ಟು ದಪ್ಪ ಕೂತಿದೆ, ಅಗೀದೇನೇ ಗೊತ್ತಾಗುತ್ತೆ ಕಣ್ರಮ್ಮಾ" ಎನ್ನುತ್ತಾರೆ. ಕಾಳಕ್ಕ ಸುಮ್ಮನಿರುವವಳೇ? "ನನ್ ಸೊಂಟ ಎಲ್ಲಿ ಸೀಳೈತೆ, ಒಸಿ ಅದ್ನೂ ನೋಡಿ ಸಾಮಿ" ಎಂದಳು. ಪಾಪ, ಮನುಷ್ಯ ನಾಚಿಕೊಂಡ.

ಮೊದಲ ದಿನ ಹೆಂಗಸರ ದಂಡೇ ಹೋಗಿತ್ತು. "ಮೈಮೇಲೆ ಲೋಹ ಇದ್ರೆ ಮಿಷನ್ನು ಸುಳ್ಳು ಹೇಳುತ್ತೆ. ತಾಳಿ, ಕಾಲುಂಗುರ ಇರೋರು ಬೇಡ" ಎಂದರು ಸದಾಶಿವಯ್ಯ. ಎಲ್ಲರೂ ಗೊಣಗಿಕೊಂಡು ತಿರುಗಿದರು. ಉಳಿದವರು ಗಂಡ ಸತ್ತ ಕಾಳಕ್ಕ, ಚಿತ್ತಮ್ಮ ಇಬ್ಬರೇ. "ಮದ್ವೆ ಮನೇಲಿ ನಮ್ಮನ್ನ ಹಿಂದುಕ್ಕೆ ತಳ್ತಾರೆ ಕಣೇ, ಈ ಮಿಷನ್ನೊಂದೇ ಮುಂದುಕ್ಕೆ ಕರ್ದಿದ್ದು" ಎಂದು ಚಿತ್ತಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

ನನಗೂ ಕೆಲಸ ಬೇಕಿತ್ತು. ಕಾಲುಂಗುರ ತೆಗೆದೆ. ಬೆಳ್ಳಿ ಕರಡಿಗೆ ಬಿಚ್ಚಿಟ್ಟು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಹಾಕಿಕೊಂಡೆ. ತಾಳಿಗೆ ಅಂಥ ದಾರಿಯಿಲ್ಲವಲ್ಲ. ಅತ್ತೆಯ ಮುಂದೆ ನಿಂತೆ. "ಬೆಳಿಗ್ಗೆ ಬಿಚ್ಚಿ ನನ್ ಕೈಗೆ ಕೊಡು, ಸಂಜೆ ನಾನೇ ಕಟ್ತೀನಿ. ನನ್ ಮಗ ಎಲ್ಲಾರ ಇರ್ಲಿ, ಬದುಕವ್ನೆ" ಎಂದರು. ಭದ್ರಾವತಿಯಲ್ಲಿ ಕೆಲಸ ಸಿಕ್ಕಿತೆಂದು ನಿನ್ನ ಭಾವ ಹೋಗಿ ಆರು ವರ್ಷವಾದರೂ ಆ ಮುದುಕಿಗೆ ಇನ್ನೂ ನಂಬಿಕೆ. ದಿನಾ ಸಂಜೆ ದೇವರ ಮುಂದೆ ಕೂರಿಸಿ, ತಾವೇ ಕಟ್ಟುತ್ತಾರೆ. ನನಗಂತೂ ಕಾದು ಕಾದು ಸಾಕಾಗಿದೆ, ಆದರೂ ಬಸ್ಸಿನ ಸದ್ದಾದರೆ ತಲೆ ಎತ್ತುತ್ತೇನೆ.

ಮಗುವಿಗೆ ಹಲ್ಲು ಬರುವ ಕಾಲ, ರಾಗಿ ಗಂಜಿಯನ್ನು ನೀರಾಗಿಯೇ ಮಾಡು. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ. ನೀವು ಮೂವರೂ ನೂರು ಕಾಲ ಜೊತೆಯಾಗಿ ಬಾಳಿ.

ಇಂತಿ ನಿನ್ನ ಅಕ್ಕ,
ಶಿವರುದ್ರಮ್ಮ

ಮರೆತದ್ದು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆ ನಮ್ಮ ಸರ್ವೆ ಕ್ರಾಸಿನ ರಸ್ತೆ ದಾಟುತ್ತಿತ್ತು. ಬಸ್ಸು ನಿಂತಿತ್ತು. ಹೋಟೆಲಿನ ಮುಂದೆ ನಿನ್ನ ಭಾವ ಕಾಫಿ ಕುಡಿಯುತ್ತಿದ್ದರು. ಪಕ್ಕದಲ್ಲಿ ಒಬ್ಬಳು, ಅವಳ ಸೊಂಟದಲ್ಲಿ ಮಗು, ಅವರದೇ ಮೂಗು. ನನ್ನನ್ನು ಗುರುತು ಹಿಡಿದರು ಕಣೇ. ಮುಖ ನೋಡಿ ಬೆಚ್ಚಿದರು. ಆಮೇಲೆ ನನ್ನ ಬೋಳು ಕೊರಳು ನೋಡಿದರು. ನೋಡಿ ನಿರಾಳವಾಗಿ ಉಸಿರು ಬಿಟ್ಟರು. "ಮಿಷನ್ನಿಗೋಸ್ಕರ ಬಿಚ್ಚಿದ್ದು ಕಣ್ರೀ" ಎಂದು ಕೂಗಬೇಕೆನ್ನಿಸಿತು. "ಯಾಕ್ ನಿಂತ್ರಿ, ನಡೀರಮ್ಮಾ" ಎಂದರು ಸದಾಶಿವಯ್ಯ. ನಡೆದೆ.

ಸಂಜೆ ಅತ್ತೆ ತಾಳಿ ಹಿಡಿದು ಬಂದರು. ಕೊರಳು ಕೊಟ್ಟೆ.