ನೀನು ಅಳಿಸಿದ ಚಿತ್ರ

ಕಾಂತೀ,

ಈ ಪತ್ರ ಕಳಿಸುವುದಿಲ್ಲ, ಆದರೂ ಹೇಳಬೇಕು. ನಮ್ಮ ಜಗಳ ಮುಗಿಯದೆಯೇ ನೀನು ಈ ತರಗತಿ ಬಿಟ್ಟುಹೋದ ಮೇಲೂ ಶಿರ್ತಾಡಿಯ ಕಲ್ಲುಕೋರೆ ಕೆಲಸದವರ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದೇನೆ, ಮಗುವನ್ನು ಸೊಂಟದಲ್ಲಿಟ್ಟುಕೊಂಡು. ನೀನು ಅಳಿಸಿಟ್ಟ ಹಳೆಯ ಹಾಳೆಗಳನ್ನೇ ಕೊಡುತ್ತೇನೆ.

ಇವತ್ತು ಭವ್ಯಶ್ರೀ ಅಂಥದೊಂದು ಹಾಳೆಗೆ ಪೆನ್ಸಿಲ್ ಅಡ್ಡ ಹಿಡಿದು ಕಪ್ಪು ಬಳಿದಳು. ನೀನು ಒತ್ತಿ ಎಳೆದು ಅಳಿಸಿದ್ದ ಗೆರೆಗಳು ಬೆಳ್ಳಗೆ ಎದ್ದುಬಂದವು: ಇದೇ ತರಗತಿಯ ಗೋಡೆಗೊರಗಿ, ಬಾಯಿ ತೆರೆದು ನಿದ್ರಿಸುತ್ತಿರುವ ತುಂಬು ಬಸುರಿ.

"ಇದು ನಮ್ಮ ಟೀಚರೇ ಮಾರಾಯ್ತಿ! ಬಾಯಿಗೆ ನೊಣ ಹೋಗ್ತದೆ ನೋಡು!" ಪಕ್ಕದ ಹುಡುಗಿ ಕೂಗಿದಳು. ಮಕ್ಕಳೆಲ್ಲ ನಕ್ಕರು.

"ಕಾಂತಿ ಟೀಚರ್ ಬಿಡಿಸಿದ್ದಲ್ವಾ? ಮತ್ತೆ ಅಳಿಸಿದ್ದು ಯಾಕೆ?" ಎಂದು ಭವ್ಯಶ್ರೀ ಕೇಳಿದಳು.

ನನಗೂ ಅದೇ ಕುತೂಹಲ. ಬಿಡಿಸಿದ್ದು ಯಾವಾಗ, ನಮ್ಮ ಜಗಳಕ್ಕೆ ಮೊದಲೋ, ಆಮೇಲೋ? ಮಗು ಹುಟ್ಟಿದ ಮೇಲೆ ನಾನು ಹಾಗೆ ನಿದ್ದೆ ಮಾಡಿದ್ದೇ ಇಲ್ಲ. ನನಗೆ ಎಚ್ಚರವಾಗದಂತೆ, ಚಿತ್ರ ಮುಗಿಯುವವರೆಗೆ ಇಷ್ಟೊಂದು ಮಕ್ಕಳನ್ನು ನೀನು ಸದ್ದಿಲ್ಲದೆ ಕೂರಿಸಿದ್ದು ಹೇಗೆ?