ಚೀಟಿಯಿಲ್ಲದ ನಲವತ್ತು ಡ್ರಾಯರ್

ಜೂನ್ 4, ಬೆಳಿಗ್ಗೆ
ಎಂದಿನಂತೆ ಪಾಠ ಮಾಡುವ ಕಾಲೇಜಿನ ದಾರಿಯಲ್ಲಿ ತಮ್ಮನ ಹೋಟೆಲು, ಕಾಫಿ. ಅಪ್ಪನ ದಿನಸಿ ಅಂಗಡಿ ಹೋಟೆಲಾಗಿ ಎರಡು ವರ್ಷ. ಇವತ್ತೂ ಕ್ಯೂ. ಊರಿಗೆಲ್ಲ ಹೊಟ್ಟೆ ತುಂಬುವ ಜಾಗದಲ್ಲಿ ನನಗೊಬ್ಬನಿಗೇ ಹೊಟ್ಟೆ ಉರಿ. ಈ ಒಲೆಗೆ ಸಿಲಿಂಡರ್ ಕೂಡ ಬೇಡ.
"ಅಣ್ಣ, ಮೆನು ಹಿಂದೆ ಅಂಗಡಿ ಚರಿತ್ರೆ ಹಾಕ್ಸೋಣ ಅಂತ. ನೀನೇ ಬರ್ಕೊಡೋ. ನನಗೆ ಬರಿಯೋಕೆ ಬರೋದು ಬಿಲ್ ಒಂದೇ."
ಒಪ್ಪಿದೆ. ಸೌಟು ಅವನ ಕೈಯಲ್ಲಿ, ಪೆನ್ನು ನನ್ನ ಕೈಯಲ್ಲಿ. ನೋಡೋಣ…

ಜೂನ್ 7
ಬರೆದೆ. ಅಂಗಡಿಯ ಗೋಡೆ ತುಂಬ ನಲವತ್ತು ಡ್ರಾಯರ್, ಒಂದಕ್ಕೂ ಹೆಸರಿನ ಚೀಟಿಯಿಲ್ಲ. ಅಪ್ಪನ ಹಟ — "ಚೀಟಿ ಅಂಟಿಸಿದ್ರೆ ಕೈ ಸೋಮಾರಿ ಆಗತ್ತೆ." ಹೋಟೆಲಿನ ಮಸಾಲೆ ಈಗಲೂ ಅವುಗಳಲ್ಲೇ, ಅದದೇ ಜಾಗದಲ್ಲಿ. ಕಣ್ಣಿಗೆ ಬಟ್ಟೆ ಕಟ್ಟಿದರೂ ಕೇಳಿದ ಸಾಮಾನಿನ ಡ್ರಾಯರಿಗೇ ನೇರ ಕೈ ಹಾಕುತ್ತಿದ್ದವನು ಹಿರಿಮಗ ಎಂದು ಬರೆದೆ.
ಸುಳ್ಳು. ಅದು ತಮ್ಮ. ನಾನು ಅಕ್ಕಿ ಮೂಟೆ ಮೇಲೆ ಕೂತು ಕಾದಂಬರಿ ಓದುತ್ತಿದ್ದೆ. ಅಪ್ಪ ಅವನ ಬೆನ್ನು ತಟ್ಟುವ ಸದ್ದಿಗೆ ಪುಟ ತಪ್ಪುತ್ತಿತ್ತು.
ತಮ್ಮನಿಗೂ ಒಂದು ಸಾಲು ಕೊಟ್ಟಿದ್ದೇನೆ: "ಈಗ ಕಿರಿಮಗ ನೋಡಿಕೊಳ್ಳುತ್ತಿದ್ದಾರೆ."

ಜೂನ್ 19
ಮೆನು ಬಂತು. ತಮ್ಮ ಓದದೆಯೇ ಅಚ್ಚಿಗೆ ಕೊಟ್ಟನಂತೆ! ಎದುರಂಗಡಿ ಟೈಲರ್ ಓದಿದ, ಗಟ್ಟಿಯಾಗಿ.
"ಮೇಷ್ಟ್ರೇ, ಡ್ರಾಯರ್ ಹುಲಿ ನಿಮ್ಮ ತಮ್ಮ ಅಲ್ವಾ? ನಿಮಗೆ ಗೊತ್ತಿದ್ದಿದ್ದು ಮೂಟೆ ಒಂದೇ. ಅದೂ ಕೂರೋಕೆ."
ಎಲ್ಲ ನಕ್ಕರು. ತಮ್ಮ ಆಗ ಓದಿದ. ಎರಡು ಸಲ.
"ಇಬ್ಬರೂ ಮಾಡ್ತಿದ್ವಿ, ಬಿಡಿ. ಅಣ್ಣ ಬರೆದ ಮೇಲೆ ಮುಗೀತು."
ಬೈದಿದ್ದರೆ ಚೆನ್ನಾಗಿರುತ್ತಿತ್ತು. ದೊಡ್ಡತನದಲ್ಲೂ ಚಿಕ್ಕವನೇ ಮುಂದೆ.
"ಹಾಗಿದ್ರೆ ಭಾನುವಾರ ಮೇಷ್ಟ್ರು ಮಾಡಿ ತೋರಿಸ್ಲಿ," ಎಂದ ಟೈಲರ್. "ಕಣ್ಣಿಗೆ ಕಟ್ಟೋ ಬಟ್ಟೆ ನಾನು ತರ್ತೀನಿ, ಹೊಲಿಗೆ ಫ್ರೀ."

ಜೂನ್ 21
ಬಾಯಿಪಾಠ ಮಾಡಲು ಡ್ರಾಯರ್‌ಗಳ ಫೋಟೋ ತೆಗೆದು ತಂದೆ. ಚೀಟಿಯಿಲ್ಲದ ಡ್ರಾಯರಿನ ಫೋಟೋದಲ್ಲಿ ಏನು ಕಾಣುತ್ತದೆ? ಮರ. ಎಂ.ಎ. ಬೇರೆ ಮಾಡಿದ್ದೇನೆ.

ಜೂನ್ 22, ಭಾನುವಾರ, ಸಂಜೆ 4
ಕಣ್ಣು ಕಟ್ಟಿದರು. "ಮೆಣಸು!" ಕೈ ಗಾಳಿಯಲ್ಲಿ. ಬಟ್ಟೆ ಸರಿಮಾಡುವ ನೆಪದಲ್ಲಿ ಕಿವಿಯ ಹತ್ತಿರ ತಮ್ಮ — "ಕೆಳಗೆ ಅಣ್ಣ… ಇನ್ನೂ ಎಡಕ್ಕೆ." ಎಳೆದೆ. ಮೆಣಸು. ಚಪ್ಪಾಳೆ. "ಲವಂಗ!" ಮತ್ತೆ ಪಿಸುಮಾತು, ಮತ್ತೆ ಚಪ್ಪಾಳೆ.
ಮೂರನೆಯದಕ್ಕೆ ತಡೆಯಲಾಗಲಿಲ್ಲ. ಬಟ್ಟೆ ಕಿತ್ತು ಅವನ ಕಣ್ಣಿಗೇ ಕಟ್ಟಿದೆ. "ಇವನನ್ನ ಕೇಳಿ. ಹುಲಿ ಇವನೇ."
ಹತ್ತಕ್ಕೆ ಹತ್ತು. ಕೈಗೆ ಕಣ್ಣಿದ್ದ ಹಾಗೆ. ಚಪ್ಪಾಳೆ ನನಗಿಂತ ಹೆಚ್ಚು ಹೊತ್ತು ಬಿತ್ತು — ಗಡಿಯಾರ ನೋಡಿಕೊಂಡೆ.

6 ಗಂಟೆ
ಮೆನುವಿನ ಚರಿತ್ರೆ ತಿದ್ದಿ ಬರೆಯುತ್ತಿದ್ದೇನೆ. "ನಲವತ್ತೂ ಡ್ರಾಯರ್ ಕಿರಿಮಗನಿಗೆ ಕರತಲಾಮಲಕ." ಚೆನ್ನಾಗಿದೆ. ಮುಂದಿನ ಸಾಲು: "ಹಿರಿಮಗನಾದರೋ…" ಪೆನ್ನು ಇನ್ನೂ ನನ್ನ ಕೈಯಲ್ಲೇ ಇದೆ.